ವಿಲ್ಕಿ ಕಾಲಿನ್ಸ್ ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನ ಹಳೆಯ ಪತ್ತೇದಾರಿ ಕಾದಂಬರಿಗಳ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' ಒಂದು. ಅದು ಶುರುವಾಗುವುದು ಲಂಡನ್ನಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಲೂಟಿಯಾದ ವಜ್ರವೊಂದು ಇಂಗ್ಲೆಂಡಿನ ದೊಡ್ಡ ಮನೆಯೊಂದರಲ್ಲಿ ಕಳುವಾಗುವುದೇ ಕಥೆ. ಆ ಕಾರಣಕ್ಕೇ ಕನ್ನಡದ ಓದುಗರು ಈ ಲೇಖಕನ ಬಗ್ಗೆ ಕೇಳುವ ಪ್ರಶ್ನೆಗಳು ಸ್ವಲ್ಪ ಬೇರೆ. ಕೆಳಗಿನ ಉತ್ತರಗಳಲ್ಲಿ ಕಳ್ಳ ಯಾರೆಂದು ಎಲ್ಲೂ ಹೇಳಿಲ್ಲ. ಕಥೆಯ ಒಂದು ದೊಡ್ಡ ಗುಟ್ಟು ಒಡೆಯುವುದು ಅಫೀಮಿನ ಪ್ರಶ್ನೆಯಲ್ಲಿ ಮಾತ್ರ. ಅಲ್ಲಿ ಮುಂಚೆಯೇ ಎಚ್ಚರಿಕೆ ಇದೆ.

ವಿಲ್ಕಿ ಕಾಲಿನ್ಸ್ ಯಾರು?

ಹುಟ್ಟಿದ್ದು 1824ರ ಜನವರಿ 8ರಂದು ಲಂಡನ್ನಿನಲ್ಲಿ, ತೀರಿಕೊಂಡಿದ್ದು 1889ರ ಸೆಪ್ಟೆಂಬರ್ 23ರಂದು ಅದೇ ಊರಿನಲ್ಲಿ. ತಂದೆ ವಿಲಿಯಂ ಕಾಲಿನ್ಸ್ ಹೆಸರಾಂತ ನಿಸರ್ಗಚಿತ್ರ ಕಲಾವಿದ, ರಾಯಲ್ ಅಕಾಡೆಮಿಯ ಸದಸ್ಯ. ತಂದೆಯ ಗೆಳೆಯ, ಕಲಾವಿದ ಡೇವಿಡ್ ವಿಲ್ಕಿಯ ಹೆಸರನ್ನೇ ಮಗನಿಗೆ ಇಟ್ಟರು. ಹುಡುಗ ಹನ್ನೆರಡರಿಂದ ಹದಿನಾಲ್ಕರ ವಯಸ್ಸನ್ನು ಇಟಲಿ, ಫ್ರಾನ್ಸ್ ಸುತ್ತುತ್ತ ಕಳೆದ. ಆಮೇಲೆ ಸುಮಾರು ಐದು ವರ್ಷ ಒಂದು ಚಹಾ ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತ. 1846ರಲ್ಲಿ ಲಿಂಕನ್ಸ್ ಇನ್ ಸೇರಿ ಕಾನೂನು ಓದಿ 1851ರಲ್ಲಿ ವಕೀಲನಾಗಿ ಸನ್ನದು ಪಡೆದ. ಆದರೆ ವಕೀಲಿ ಮಾಡಲೇ ಇಲ್ಲ. ಅದೇ 1851ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಪರಿಚಯವಾಯಿತು, ಅವನ ಪತ್ರಿಕೆಗಳಲ್ಲಿ ಬರೆಯುವುದು ಶುರುವಾಯಿತು. ದೊಡ್ಡ ಹೆಸರು ತಂದ ನಾಲ್ಕು ಕಾದಂಬರಿಗಳು ಒಂದರ ಹಿಂದೊಂದು 1860ರ ದಶಕದಲ್ಲೇ ಬಂದವು: 'ದಿ ವುಮನ್ ಇನ್ ವೈಟ್' (1860), 'ನೋ ನೇಮ್' (1862), 'ಆರ್ಮಡೇಲ್' (1866), 'ದಿ ಮೂನ್‌ಸ್ಟೋನ್' (1868).

ಯಾವ ಪುಸ್ತಕದಿಂದ ಶುರು ಮಾಡಬೇಕು?

ದೊಡ್ಡ ಕಾದಂಬರಿಗೆ ಕೈ ಹಾಕುವ ಮೊದಲು ಎರಡು ಸಣ್ಣ ಕಥೆ ಓದಿ. ಒಂದು, 1852ರ 'ಎ ಟೆರಿಬ್ಲಿ ಸ್ಟ್ರೇಂಜ್ ಬೆಡ್'. ಪ್ಯಾರಿಸ್ಸಿನ ಜೂಜುಕಟ್ಟೆಯಲ್ಲಿ ಗೆದ್ದವನೊಬ್ಬ ಅಲ್ಲೇ ರಾತ್ರಿ ಉಳಿದಾಗ ಮಂಚದ ಮೇಲ್ಕಟ್ಟು ನಿಧಾನಕ್ಕೆ ಕೆಳಗಿಳಿಯುವ ಕಥೆ. ಇನ್ನೊಂದು, 1858ರ 'ದಿ ಬೈಟರ್ ಬಿಟ್'. ಪತ್ತೇದಾರಿ ಕೆಲಸಕ್ಕೆ ಹೊಸದಾಗಿ ಸೇರಿದ ಅಹಂಕಾರಿ ಹುಡುಗನೊಬ್ಬ ಮೇಲಧಿಕಾರಿಗೆ ಬರೆಯುವ ಪತ್ರಗಳಲ್ಲೇ ಇಡೀ ಕಥೆ ಸಾಗುತ್ತದೆ. ಎರಡೂ ಸೇರಿ ಒಂದು ಸಂಜೆಯ ಓದು. ಎರಡನೆಯದನ್ನು ಖಂಡಿತ ಬಿಡಬೇಡಿ. ಬರೆಯುವವನು ಏನು ಹೇಳುತ್ತಿದ್ದಾನೆ, ಅವನಿಗೆ ಕಾಣದೇ ಹೋದದ್ದು ಏನು ಎಂದು ಎರಡನ್ನೂ ಒಟ್ಟಿಗೆ ನೋಡುವ ಅಭ್ಯಾಸವಾಗುವುದು ಅಲ್ಲೇ, ಮತ್ತು ದೊಡ್ಡ ಕಾದಂಬರಿಗಳೆಲ್ಲ ನಿಂತಿರುವುದು ಅದರ ಮೇಲೆಯೇ.

ಆಮೇಲೆ 'ದಿ ಮೂನ್‌ಸ್ಟೋನ್', ಅದರ ನಂತರ 'ದಿ ವುಮನ್ ಇನ್ ವೈಟ್'. ಎರಡೂ ಹಿಡಿಸಿದರೆ 1875ರ 'ದಿ ಲಾ ಅಂಡ್ ದಿ ಲೇಡಿ'. ಅದರಲ್ಲಿ ಗಂಡನ ಮೇಲಿನ ಕೊಲೆ ಆರೋಪದ ಕಳಂಕ ತೊಳೆಯಲು ಹೆಂಡತಿಯೇ ತನಿಖೆಗೆ ಇಳಿಯುತ್ತಾಳೆ. 'ಆರ್ಮಡೇಲ್' ಒಳ್ಳೆಯದೇ, ಆದರೆ ಅದರಲ್ಲಿ ಒಂದೇ ಹೆಸರಿನ ಹಲವರು ಬರುತ್ತಾರೆ. ಮೊದಲ ಓದಿಗೆ ಬೇಡ.

ಓದಲು ಎಷ್ಟು ಹೊತ್ತು ಬೇಕು? ಇಂಗ್ಲಿಷ್ ಕಷ್ಟವೇ?

'ದಿ ಮೂನ್‌ಸ್ಟೋನ್' ಸುಮಾರು ಎರಡು ಲಕ್ಷ ಪದಗಳ ಪುಸ್ತಕ. ನಿಮಿಷಕ್ಕೆ 150 ಪದದಂತೆ ಓದಿದರೆ 22 ತಾಸು. 'ದಿ ವುಮನ್ ಇನ್ ವೈಟ್' ಅದಕ್ಕಿಂತ ಉದ್ದ. ಲೆಕ್ಕ ಕೇಳಿ ಹೆದರಬೇಡಿ. ಇವು ಒಂದೇ ಬಾರಿಗೆ ಕುಳಿತು ಓದಲೆಂದು ಬರೆದ ಪುಸ್ತಕಗಳಲ್ಲ. 'ದಿ ಮೂನ್‌ಸ್ಟೋನ್' ಡಿಕನ್ಸ್‌ನ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ 1868ರ ಜನವರಿ 4ರಿಂದ ಆಗಸ್ಟ್ 8ರ ವರೆಗೆ 32 ಕಂತುಗಳಲ್ಲಿ ಬಂತು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಈ ಜಾಡು ಹೊಸದಲ್ಲ. ಕಂತಿನ ಕೊನೆಗೆ ಒಂದು ಬಾಗಿಲು ಅರ್ಧ ತೆರೆದಿರುತ್ತದೆ. ದಿನಕ್ಕೆ ಮುಕ್ಕಾಲು ತಾಸು ಕೊಟ್ಟರೆ ದಿನಕ್ಕೊಂದು ಕಂತಿನಂತೆ ಒಂದು ತಿಂಗಳಲ್ಲಿ ಮುಗಿಯುತ್ತದೆ.

ಪತ್ರಿಕೆಯ ಬೆಲೆ ಎರಡು ಪೆನ್ಸ್. 32 ವಾರ ಕೊಂಡವರಿಗೆ ಆದ ಖರ್ಚು 64 ಪೆನ್ಸ್, ಅಂದರೆ (ಹನ್ನೆರಡು ಪೆನ್ಸ್‌ಗೆ ಒಂದು ಷಿಲಿಂಗ್) ಐದು ಷಿಲಿಂಗ್ ನಾಲ್ಕು ಪೆನ್ಸ್. ಅದೇ ಕಾಲದಲ್ಲಿ ಮೂರು ಸಂಪುಟದ ಕಾದಂಬರಿಯ ಬೆಲೆ 31 ಷಿಲಿಂಗ್ 6 ಪೆನ್ಸ್, ಹತ್ತಿರ ಹತ್ತಿರ ಆರು ಪಟ್ಟು. ಸಂಪುಟಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದುದು ಬಾಡಿಗೆ ಗ್ರಂಥಾಲಯಗಳು. ಸಾಮಾನ್ಯರ ಕೈಗೆ ಸಿಗುತ್ತಿದ್ದುದು ಪತ್ರಿಕೆಯೇ.

ಭಾಷೆ ಡಿಕನ್ಸ್‌ನಷ್ಟು ಬಳುಕುವುದಿಲ್ಲ, ವಾಕ್ಯ ನೇರ. ತೊಡಕಾಗುವುದು ಮನೆವಾರ್ತೆಯ ಹಳೆಯ ಪದಗಳು, ಸೇವಕರ ಹುದ್ದೆಗಳ ಹೆಸರುಗಳು. ಪೆಂಗ್ವಿನ್ ಅಥವಾ ಆಕ್ಸ್‌ಫರ್ಡ್‌ನ ಟಿಪ್ಪಣಿ ಇರುವ ಮುದ್ರಣ ಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಬಿಡಿಗಾಸು ಖರ್ಚಿಲ್ಲದೆ ಓದಬೇಕೆಂದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಎರಡೂ ಇವೆ: 'ದಿ ಮೂನ್‌ಸ್ಟೋನ್' ಸಂಖ್ಯೆ 155, 'ದಿ ವುಮನ್ ಇನ್ ವೈಟ್' ಸಂಖ್ಯೆ 583. ಲಿಬ್ರಿವಾಕ್ಸ್‌ನಲ್ಲಿ ಕೇಳಲೂ ಸಿಗುತ್ತವೆ.

ಓದಲು ಶುರು ಮಾಡಿದವರು ಎಲ್ಲಿ ಕೈಬಿಡುತ್ತಾರೆ? ಯಾಕೆ?

ಎರಡು ಕಡೆ. ಮೊದಲನೆಯದು, 'ದಿ ಮೂನ್‌ಸ್ಟೋನ್'ನ ಆರಂಭದ ಅಧ್ಯಾಯಗಳು. ಮನೆಯ ಪಾರುಪತ್ಯಗಾರ, ಎಪ್ಪತ್ತು ದಾಟಿದ ಗೇಬ್ರಿಯಲ್ ಬೆಟರೆಜ್ ಕಥೆ ಹೇಳಲು ಕುಳಿತು ತನ್ನ ಮದುವೆಯ ಕಥೆಗೆ, 'ರಾಬಿನ್ಸನ್ ಕ್ರೂಸೋ' ಪುಸ್ತಕಕ್ಕೆ ಜಾರಿಬಿಡುತ್ತಾನೆ. ವಜ್ರ ಕಳುವಾಗುವ ತನಕ ತಾಳ್ಮೆ ಬೇಕು. ಈ ಭಾಗವನ್ನು ಹಾರಿಸಿ ಓದಿದವರಿಗೆ ಮುಂದೆ ಪೆಟ್ಟು ಬೀಳುತ್ತದೆ. ಯಾರು ಯಾವಾಗ ಧೂಮಪಾನ ಬಿಟ್ಟರು, ಊಟದ ಮೇಜಿನಲ್ಲಿ ಡಾಕ್ಟರ ಜೊತೆ ಯಾರು ಜಗಳವಾಡಿದರು ಎಂಬ ಮಾತುಗಳೆಲ್ಲ ಅಲ್ಲೇ, ಹರಟೆಯ ನಡುವೆ ಬಂದುಹೋಗುತ್ತವೆ.

ಎರಡನೆಯದು, ಇಪ್ಪತ್ತಮೂರು ಅಧ್ಯಾಯಗಳ ನಂತರ ಅಜ್ಜನ ದನಿ ನಿಂತು ಮಿಸ್ ಕ್ಲ್ಯಾಕ್‌ಳ ದನಿ ಶುರುವಾಗುವ ಜಾಗ. ಎಲ್ಲರ ಮನೆಯಲ್ಲೂ ಧರ್ಮದ ಕರಪತ್ರ ಬಚ್ಚಿಟ್ಟು ಬರುವ ಹೆಂಗಸು ಆಕೆ. ಒಗ್ಗಿಕೊಳ್ಳಲು ಒಂದು ಅಧ್ಯಾಯ ಕೊಡಿ.

ಒಂದು ಸುಲಭ ಉಪಾಯವಿದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಗೀಚಿಕೊಳ್ಳಿ: ದಿನಾಂಕ ಮತ್ತು ಗಂಟೆ, ಏನಾಯಿತು, ಯಾರು ಹೇಳಿದ್ದು. ಮೂರನೆಯ ಕಾಲಂ ಬಿಟ್ಟರೆ ಉಳಿದೆರಡು ಕೆಲಸಕ್ಕೆ ಬರುವುದಿಲ್ಲ.

ಒಬ್ಬರೇ ಕಥೆ ಹೇಳದೆ ಇಷ್ಟೊಂದು ಜನ ಯಾಕೆ ಹೇಳುತ್ತಾರೆ?

ಕಾಲಿನ್ಸ್‌ನ ಕಸುಬಿನ ಜೀವಾಳವೇ ಇದು. 'ದಿ ವುಮನ್ ಇನ್ ವೈಟ್'ನ ಮೊದಲ ಪುಟದಲ್ಲೇ ಒಂದು ನಿಯಮ ಹಾಕುತ್ತಾನೆ: ನ್ಯಾಯಾಧೀಶರು ಹೇಗೆ ಕೇಳುತ್ತಿದ್ದರೋ ಓದುಗರೂ ಹಾಗೇ ಕೇಳುತ್ತಾರೆ, ಯಾರೋ ಹೇಳಿದ್ದನ್ನು ಕೇಳಿ ಹೇಳುವ ಮಾತಿಗೆ ಇಲ್ಲಿ ಜಾಗವಿಲ್ಲ, ಕಂಡವರೇ ಬಂದು ಹೇಳಬೇಕು. ನಮ್ಮಲ್ಲಿ ವಕೀಲಿ ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಂ ಹೇಳುತ್ತಿದ್ದುದೂ ಇದನ್ನೇ. ಅದನ್ನು ರೂಪಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಕಾಲಿನ್ಸ್‌ನ ಸಮಕಾಲೀನ. ಇಬ್ಬರೂ ಓದಿದ್ದು ಒಂದೇ ಇಂಗ್ಲಿಷ್ ಕಾನೂನು.

'ದಿ ಮೂನ್‌ಸ್ಟೋನ್'ನಲ್ಲಿ ಈ ನಿಯಮವನ್ನು ಕಾಯುವವನು ಆ ಮನೆಯ ನೆಂಟ ಫ್ರಾಂಕ್ಲಿನ್ ಬ್ಲೇಕ್. ಎಲ್ಲರಿಂದ ಹೇಳಿಕೆ ಬರೆಸುವವನು ಅವನೇ. ಮಿಸ್ ಕ್ಲ್ಯಾಕ್ ತನಗೆ ಆಮೇಲೆ ತಿಳಿದದ್ದನ್ನೂ ಸೇರಿಸುತ್ತೇನೆ ಎಂದು ಹಟ ಹಿಡಿಯುತ್ತಾಳೆ. ಆಗ ಗೊತ್ತಿದ್ದಷ್ಟೇ ಬರಿ ಎಂದು ಬ್ಲೇಕ್ ಪತ್ರದಲ್ಲೇ ತಡೆಯುತ್ತಾನೆ. ಮುದುಕ ಬೆಟರೆಜ್‌ಗೆ ದಿನಾಂಕ ನೆನಪಿರುವುದಿಲ್ಲ, ಮಗಳು ಪೆನಲೋಪಿಯ ದಿನಚರಿ ನೋಡಿ ಬರೆಯುತ್ತಾನೆ. ಹೀಗೆ ಒಂದೊಂದು ಹೇಳಿಕೆಗೂ ಅದನ್ನು ಬರೆದವರ ಕಣ್ಣಳತೆಯೇ ಗಡಿ. ಗುಟ್ಟು ಅಡಗಿರುವುದು ಆ ಗಡಿಗಳ ನಡುವೆ. ಲೇಖಕ ಓದುಗರಿಗೆ ಸುಳ್ಳು ಹೇಳದೆಯೇ ಮುನ್ನೂರು ಪುಟ ಗುಟ್ಟು ಕಾಯುತ್ತಾನೆ.

ಕಾಲಿನ್ಸ್ ಜೀವನಚರಿತ್ರೆಯನ್ನೂ ಬರೆದಿದ್ದಾನಂತೆ, ನಿಜವೇ?

ನಿಜ, ಅಚ್ಚಾದ ಅವನ ಮೊದಲ ಪುಸ್ತಕವೇ ಜೀವನಚರಿತ್ರೆ. ತಂದೆ 1847ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಮಗ 'ಆಂಟೊನಿನಾ' ಎಂಬ ಪ್ರಾಚೀನ ರೋಮಿನ ಕಾದಂಬರಿ ಬರೆಯುತ್ತಿದ್ದ. ಅದನ್ನು ಬದಿಗಿಟ್ಟು ತಂದೆಯ ದಿನಚರಿ, ಪತ್ರಗಳನ್ನೆಲ್ಲ ಕೂಡಿಸಿ, ಗೆಳೆಯರಿಂದ ನೆನಪುಗಳನ್ನು ತರಿಸಿಕೊಂಡು ಎರಡು ಸಂಪುಟಗಳ ಚರಿತ್ರೆ ಸಿದ್ಧಪಡಿಸಿದ. 1848ರಲ್ಲಿ ಲಾಂಗ್‌ಮನ್ ಸಂಸ್ಥೆಯ ಮೂಲಕ ಹೊರಬಂತು. ಖರ್ಚು ಹುಟ್ಟಿದ್ದು ಮುಂಗಡ ಚಂದಾದಾರರಿಂದ. ಅರ್ಪಣೆ ಸರ್ ರಾಬರ್ಟ್ ಪೀಲ್‌ಗೆ, ಲಂಡನ್ನಿನ ಪೊಲೀಸ್ ಪಡೆಯನ್ನು 1829ರಲ್ಲಿ ಕಟ್ಟಿದ ಅದೇ ಪೀಲ್. 'ಆಂಟೊನಿನಾ' ಬಂದದ್ದು 1850ರಲ್ಲಿ.

ಕಲೆಯ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಅದು ಈಗಲೂ ಬೆಲೆಯುಳ್ಳ ಪುಸ್ತಕ. ತಂದೆ ಯಾವ ಚಿತ್ರವನ್ನು ಯಾವ ವರ್ಷ ಬರೆದ, ಯಾರು ಕೊಂಡರು ಎಂಬ ವಿವರ ಅಲ್ಲಿ ಸಿಗುತ್ತದೆ. ಕಥೆಯ ರುಚಿಗೆ ಓದುವವರು ಬಿಡಬಹುದು, ದನಿ ಬಹಳ ವಿನಯದ್ದು. ಆದರೆ ನಮ್ಮ ದೃಷ್ಟಿಯಲ್ಲಿ ಕಾದಂಬರಿಕಾರ ತಯಾರಾದದ್ದು ಅಲ್ಲೇ. ಸತ್ತವರ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು, ಎರಡು ಪತ್ರಗಳ ನಡುವೆ ಬಿಟ್ಟುಹೋದ ತಿಂಗಳನ್ನು ಗಮನಿಸುವುದು, ಬರೆದವನ ಮಾತಿಗೂ ನಡೆದದ್ದಕ್ಕೂ ಇರುವ ಅಂತರ ಅಳೆಯುವುದು, ಇಷ್ಟನ್ನೂ ಇಪ್ಪತ್ಮೂರು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ತಂದೆಯ ಮೇಜಿನ ಮುಂದೆ ಕುಳಿತು ಕಲಿತ. ಹನ್ನೆರಡು ವರ್ಷದ ನಂತರ ಅದೇ ಕೆಲಸವನ್ನು ಕಾಲ್ಪನಿಕ ಕಾಗದಗಳಿಂದ ಮಾಡಿದ.

'ದಿ ವುಮನ್ ಇನ್ ವೈಟ್'ನಲ್ಲಿ ದಿನಾಂಕದ ದೊಡ್ಡ ತಪ್ಪಿದೆ ಎನ್ನುತ್ತಾರಲ್ಲ?

ಇತ್ತು, ತಿದ್ದಲಾಗಿದೆ. ಈ ಕಥೆಯ ಸಂಚೆಲ್ಲ ನಿಂತಿರುವುದು ಒಬ್ಬ ಹೆಂಗಸು ಹಳ್ಳಿಯ ಬಂಗಲೆಯಿಂದ ಲಂಡನ್ನಿಗೆ ಹೊರಟ ದಿನ ಯಾವುದು ಎಂಬುದರ ಮೇಲೆ. ಆ ಒಂದು ತಾರೀಖು ಸಾಬೀತಾದರೆ ಖಳರ ಮೋಸ ಬಯಲು. ಕಾದಂಬರಿ ಮೂರು ಸಂಪುಟಗಳಲ್ಲಿ ಬಂದ ಮೇಲೆ 1860ರ ಅಕ್ಟೋಬರ್‌ನಲ್ಲಿ 'ದಿ ಟೈಮ್ಸ್' ಪತ್ರಿಕೆಯ ವಿಮರ್ಶಕ ಕುಳಿತು ಲೆಕ್ಕ ಹಾಕಿದ. ಕಾಯಿಲೆ ಬಿದ್ದ ದಿನ, ಚೇತರಿಸಿಕೊಂಡ ದಿನ ಎಲ್ಲ ಕೂಡಿಸಿದರೆ ಆಕೆ ಹೊರಟಿರಬೇಕಾದ್ದು ಕಾದಂಬರಿ ಹೇಳುವುದಕ್ಕಿಂತ ಸುಮಾರು ಎರಡು ವಾರ ತಡವಾಗಿ. ಹಾಗಾದರೆ ಸಂಚೇ ಕುಸಿಯುತ್ತದೆ. ಕಾಲಿನ್ಸ್ ವಾದಿಸಲಿಲ್ಲ. ವಿಮರ್ಶಕ ಹೇಳಿದ್ದು ಸರಿ ಎಂದು ಪ್ರಕಾಶಕರಿಗೆ ಬರೆದು, 1861ರ ಹೊಸ ಮುದ್ರಣದಲ್ಲಿ ತಾರೀಖುಗಳನ್ನು ಸರಿಪಡಿಸಿದ. ಈಗಿನ ಹೆಚ್ಚಿನ ಮುದ್ರಣಗಳು ತಿದ್ದಿದ ಪಾಠವನ್ನೇ ಬಳಸುತ್ತವೆ. 1860ರ ಪಾಠದ ಮರುಮುದ್ರಣ ನಿಮ್ಮ ಕೈಯಲ್ಲಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ, ತಪ್ಪು ನಿಮ್ಮದಲ್ಲ.

ವಾರವಾರ ಬರೆದು ವಾರವಾರ ಅಚ್ಚಾಗುವ ಪದ್ಧತಿಯಲ್ಲಿ ಇಂಥದ್ದು ಆಗಿಯೇ ಆಗುತ್ತದೆ. ಹತ್ತನೇ ಕಂತಿನ ತಾರೀಖು ಆಗಲೇ ಜನರ ಕೈಗೆ ಹೋಗಿರುತ್ತದೆ, ಮೂವತ್ತನೆಯದು ಇನ್ನೂ ಮಸಿಯಲ್ಲೇ ಇರುತ್ತದೆ.

ಟಿಪ್ಪುವಿನ ಬಳಿ ಮೂನ್‌ಸ್ಟೋನ್ ವಜ್ರ ನಿಜವಾಗಿ ಇತ್ತೇ?

ಇಲ್ಲ. ಕಾದಂಬರಿಯ ಪ್ರಕಾರ ಅದು ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದ ಹಳದಿ ವಜ್ರ. ಘಜ್ನಿಯ ಮಹಮೂದನ ದಾಳಿಯಲ್ಲಿ ಉಳಿದು ಕಾಶಿಗೆ ಹೋಗಿ, ಔರಂಗಜೇಬನ ಕಾಲದಲ್ಲಿ ಕೈತಪ್ಪಿ, ಕೊನೆಗೆ ಟಿಪ್ಪುವಿನ ಕಠಾರಿಯ ಹಿಡಿಯಲ್ಲಿ ಕೂತ ಹರಳು. ಇದೆಲ್ಲ ಕಾಲಿನ್ಸ್ ಕಟ್ಟಿದ್ದು. ಆದರೆ ಬೆಂಕಿಯಿಲ್ಲದೆ ಹೊಗೆಯಲ್ಲ, ಮುನ್ನುಡಿಯಲ್ಲಿ ಅವನೇ ಎರಡು ನಿಜ ವಜ್ರಗಳನ್ನು ನೆನೆಯುತ್ತಾನೆ. ಒಂದು ಕೊಹಿನೂರ್. ಇನ್ನೊಂದು ರಷ್ಯಾದ ಚಕ್ರವರ್ತಿಯ ರಾಜದಂಡದಲ್ಲಿರುವ, ಭಾರತದ ಯಾವುದೋ ವಿಗ್ರಹದ ಕಣ್ಣಾಗಿತ್ತೆಂದು ಹೇಳುವ ವಜ್ರ, ಅಂದರೆ ಆರ್ಲೋವ್.

ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಆರ್ಲೋವ್ ವಜ್ರದ ಐತಿಹ್ಯ ಹೇಳುವುದು ಶ್ರೀರಂಗದ ರಂಗನಾಥನ ಬಗ್ಗೆ, ತಮಿಳುನಾಡಿನ ತಿರುಚಿರಾಪಳ್ಳಿಯ ಹತ್ತಿರದ ಕ್ಷೇತ್ರ. ನಮ್ಮ ಶ್ರೀರಂಗಪಟ್ಟಣದ ರಂಗನಾಥ ಬೇರೆ. ಎರಡೂ ಕಾವೇರಿಯ ನಡುಗಡ್ಡೆಗಳೇ, ಒಂದು ಆದಿರಂಗ, ಇನ್ನೊಂದು ಅಂತ್ಯರಂಗ. ಹೆಸರೂ ಹೊಂದುತ್ತದೆ. ಹಾಗಾಗಿ ಎರಡನ್ನೂ ಬೆರೆಸಿ 'ಮೂನ್‌ಸ್ಟೋನ್ ಅಂದರೆ ಶ್ರೀರಂಗಪಟ್ಟಣದ ದೇವರ ಕಣ್ಣು' ಎಂದು ಬರೆಯುವವರಿದ್ದಾರೆ. ಕಾದಂಬರಿಯಲ್ಲೂ ಹಾಗಿಲ್ಲ, ಚರಿತ್ರೆಯಲ್ಲೂ ಇಲ್ಲ.

ಟಿಪ್ಪುವಿನ ಅರಮನೆಯಿಂದ ನಿಜವಾಗಿ ಹೋದ ವಸ್ತುಗಳು ಬೇರೆ. ಸಿಂಹಾಸನವನ್ನು ಒಡೆದು ತುಂಡು ಮಾಡಿ ಹಂಚಿಕೊಂಡರು. ಅದರ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಶ್ರೀರಂಗಪಟ್ಟಣದ ಆ ಪ್ರಸ್ತಾವನೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು?

ಚೌಕಟ್ಟು ಚರಿತ್ರೆ. 1799ರ ಮೇ 4ರ ಮಧ್ಯಾಹ್ನ, ಮುಂಗಾರಿಗೆ ಮುಂಚೆ ಕಾವೇರಿಯಲ್ಲಿ ನೀರು ಇಳಿದಿದ್ದಾಗ, ವಾಯವ್ಯ ಮೂಲೆಯಲ್ಲಿ ಫಿರಂಗಿ ಹೊಡೆದು ಕೆಡವಿದ್ದ ಗೋಡೆಯ ಕಡೆಯಿಂದ ಸೈನ್ಯ ನುಗ್ಗಿತು. ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು 1784ರ ವರೆಗೆ ಅದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು. ಸಂಜೆಯ ಹೊತ್ತಿಗೆ ಟಿಪ್ಪುವಿನ ದೇಹ ಹೆಣಗಳ ರಾಶಿಯ ನಡುವೆ ಸಿಕ್ಕಿತು. ರಾತ್ರಿಯೆಲ್ಲ ಊರು ಸುಲಿಗೆಯಾಯಿತು.

ಕರ್ನಲ್ ಜಾನ್ ಹರ್ನ್‌ಕ್ಯಾಸಲ್, ಆಯುಧಶಾಲೆಯ ಮೂರು ಕೊಲೆ, ಸಾಯುವವನ ಶಾಪ, ಇವು ಕಾಲಿನ್ಸ್‌ನದು. ಕಾದಂಬರಿಯಲ್ಲಿ ಸುಲಿಗೆ ಮಾಡಿದವರನ್ನು ಗಲ್ಲಿಗೇರಿಸುವುದಾಗಿ ಬೇರ್ಡ್ ಡಂಗುರ ಹೊಡೆಸುತ್ತಾನೆ. ನಿಜದಲ್ಲಿ ಮರುದಿನ ಊರಿನ ಉಸ್ತುವಾರಿ ಆರ್ಥರ್ ವೆಲೆಸ್ಲಿಯ ಕೈಗೆ ಬಂತು, ಕೆಲವು ಸುಲಿಗೆಕೋರರನ್ನು ಗಲ್ಲಿಗೇರಿಸಿ ಊರನ್ನು ಹತೋಟಿಗೆ ತಂದವನು ಅವನು.

ಕಾಲಿನ್ಸ್ ಭಾರತಕ್ಕೆ ಬಂದವನಲ್ಲ. ಬೇರ್ಡ್‌ನ ಜೀವನಚರಿತ್ರೆ, ರತ್ನಗಳ ಮೇಲಿನ ಗ್ರಂಥ, ವಿಶ್ವಕೋಶ ಓದಿ ಬರೆದ. ಅದರ ಗುರುತು ಉಳಿದಿದೆ. ಸೋಮನಾಥದಲ್ಲಿರುವುದು ಶಿವಲಿಂಗ, ಚಂದ್ರನಿಗೆ ಒಡೆಯನಾದ ಸೋಮನಾಥ. ಕಾದಂಬರಿಯಲ್ಲಿ ಅದು ನಾಲ್ಕು ಕೈಗಳ ಚಂದ್ರನ ಮೂರ್ತಿಯಾಗಿದೆ, ಅದನ್ನು ಕಾಯಲು ಕನಸಿನಲ್ಲಿ ಬಂದು ಅಪ್ಪಣೆ ಕೊಡುವವನು ವಿಷ್ಣು. ನಮಗೆ ಓದುವಾಗ ಕಲ್ಲು ಸಿಕ್ಕಿದಂತಾಗುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. 1857ರ ದಂಗೆ ಆಗಿ ಹತ್ತೇ ವರ್ಷ ಕಳೆದಿದ್ದ ಕಾಲ, ಇಂಗ್ಲಿಷ್ ಪತ್ರಿಕೆಗಳು ಭಾರತೀಯರ ಮೇಲೆ ಕೆಂಡ ಕಾರುತ್ತಿದ್ದ ಕಾಲ ಅದು. ಆಗ ಕಾಲಿನ್ಸ್ ಬರೆದ ಕಥೆಯಲ್ಲಿ ಮೊದಲ ಕಳ್ಳ ಇಂಗ್ಲಿಷ್ ಅಧಿಕಾರಿ. ಆ ವಜ್ರವನ್ನು ವಾಪಸ್ ಒಯ್ಯಲು ಸಮುದ್ರ ದಾಟಿ ಜಾತಿಯನ್ನೇ ಕಳೆದುಕೊಂಡ ಮೂವರು ಬ್ರಾಹ್ಮಣರಿಗೆ ಅವನು ಕೊಟ್ಟ ಗೌರವ ಸಣ್ಣದಲ್ಲ.

ಸಾರ್ಜೆಂಟ್ ಕಫ್ ನಿಜವಾದ ಪೊಲೀಸನ ಮೇಲೆ ಬರೆದ ಪಾತ್ರವೇ?

ಬಹುಮಟ್ಟಿಗೆ ಹೌದು. ಸ್ಕಾಟ್ಲೆಂಡ್ ಯಾರ್ಡ್‌ನ ಪತ್ತೇದಾರಿ ಶಾಖೆ ಹುಟ್ಟಿದ್ದು 1842ರಲ್ಲಿ, ಇಬ್ಬರು ಇನ್ಸ್‌ಪೆಕ್ಟರ್, ಆರು ಸಾರ್ಜೆಂಟ್, ಒಟ್ಟು ಎಂಟೇ ಜನ. ಅದರ ಹೆಸರಾಂತ ಅಧಿಕಾರಿ ಜೊನಾಥನ್ ವಿಚರ್. 1860ರ ಜೂನ್ ಕೊನೆಯಲ್ಲಿ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯಲ್ಲಿ ಸ್ಯಾವಿಲ್ ಕೆಂಟ್ ಎಂಬ ಪುಟ್ಟ ಮಗುವಿನ ಕೊಲೆಯಾಯಿತು. ಅಗಸರ ಲೆಕ್ಕಕ್ಕೆ ಸಿಗದ ಒಂದು ರಾತ್ರಿಯುಡುಪಿನ ಮೇಲೆ ವಿಚರ್ ತನ್ನ ತರ್ಕ ಕಟ್ಟಿ, ಮಗುವಿನ ಹದಿನಾರರ ಮಲಅಕ್ಕ ಕಾನ್‌ಸ್ಟನ್ಸ್ ಕೆಂಟ್‌ಳನ್ನು ಬಂಧಿಸಿದ. ಉಡುಪು ಸಿಗಲಿಲ್ಲ, ಮ್ಯಾಜಿಸ್ಟ್ರೇಟರು ಬಿಟ್ಟುಬಿಟ್ಟರು. ಮಾನಸ್ಥರ ಮನೆಯ ಹುಡುಗಿಯ ಮೇಲೆ ಕೈ ಹಾಕಿದನೆಂದು ಜನ ವಿಚರ್‌ನನ್ನೇ ಹರಿದು ತಿಂದರು. ಐದು ವರ್ಷದ ಮೇಲೆ, 1865ರಲ್ಲಿ, ಕಾನ್‌ಸ್ಟನ್ಸ್ ತಾನಾಗಿ ತಪ್ಪೊಪ್ಪಿಕೊಂಡಳು. ಮರಣದಂಡನೆ ಜೀವಾವಧಿಯಾಯಿತು, 1885ರಲ್ಲಿ ಬಿಡುಗಡೆ.

ಕಾಣೆಯಾದ ರಾತ್ರಿಯುಡುಪು, ಅಗಸರ ಪುಸ್ತಕ, ಪೆದ್ದು ಸ್ಥಳೀಯ ಅಧಿಕಾರಿ, ಲಂಡನ್ನಿನಿಂದ ಬಂದು ದೊಡ್ಡ ಮನೆಯ ಮಗಳನ್ನೇ ಸಂಶಯಿಸುವ ಪತ್ತೇದಾರ, ಇವೆಲ್ಲ ಕಾದಂಬರಿಗೆ ಬಂದವು. ಉಡುಪಿನ ಮೇಲೆ ರಕ್ತದ ಬದಲು ಬಣ್ಣ ಬಂತು. ಗುಲಾಬಿ ಗಿಡಗಳ ಹುಚ್ಚು ಮಾತ್ರ ಕಫ್‌ನದೇ. ತೋಟದ ಕಾಲುದಾರಿಗೆ ಜಲ್ಲಿ ಹಾಕಬಾರದು, ಹುಲ್ಲೇ ಇರಬೇಕೆಂದು ಮಾಲಿಯ ಜೊತೆ ವಾದಕ್ಕೆ ನಿಲ್ಲುತ್ತಾನೆ.

ಬಣ್ಣದ ಕಲೆಯ ತರ್ಕ ಅರ್ಥವಾಗಲಿಲ್ಲ, ಬಿಡಿಸಿ ಹೇಳುತ್ತೀರಾ?

ಇಡೀ ಪುಸ್ತಕದ ಅತ್ಯುತ್ತಮ ಹತ್ತು ಪುಟ ಇವು, ನಿಧಾನಕ್ಕೆ ನೋಡೋಣ. 1848ರ ಜೂನ್ 21, ಬುಧವಾರ, ಮನೆಯ ಮಗಳು ರೇಚಲ್ ವೆರಿಂಡರ್‌ಳ ಹುಟ್ಟುಹಬ್ಬ. ಅವಳ ಕೋಣೆಯ ಬಾಗಿಲಿಗೆ ಅವಳೂ ಬ್ಲೇಕ್‌ನೂ ಸೇರಿ ಬಣ್ಣದ ಚಿತ್ರ ಬರೆಯುತ್ತಿದ್ದಾರೆ. ಬೀಗದ ಕೆಳಗಿನ ಭಾಗ ಮುಗಿದದ್ದು ಮಧ್ಯಾಹ್ನ ಮೂರಕ್ಕೆ. ಬಣ್ಣಕ್ಕೆ ಬೆರೆಸಿದ ದ್ರಾವಣ ಒಣಗಲು ಹನ್ನೆರಡು ತಾಸು ಬೇಕು. ಅಂದರೆ ಗುರುವಾರ ಬೆಳಗಿನ ಜಾವ ಮೂರಕ್ಕೆ ಪೂರ್ತಿ ಒಣಗಿತು.

ವಜ್ರ ಹೋದದ್ದು ಗೊತ್ತಾಗಿ, ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಕೆಲಸದ ಹೆಂಗಸರೆಲ್ಲ ಆ ಕೋಣೆಗೆ ನುಗ್ಗಿದರು. ಬೀಗದ ಕೆಳಗೆ ಸಣ್ಣದೊಂದು ಕಲೆ ಇದೆ. ಹೆಂಗಸರ ಲಂಗ ತಾಗಿ ಆಗಿದೆ, ಕ್ಷುಲ್ಲಕ ಎಂದು ಸ್ಥಳೀಯ ಅಧಿಕಾರಿ ತಳ್ಳಿಹಾಕುತ್ತಾನೆ. ಕಫ್ ಲೆಕ್ಕ ಹಾಕಿ ತೋರಿಸುತ್ತಾನೆ: ಹನ್ನೊಂದರ ಹೊತ್ತಿಗೆ ಬಣ್ಣ ಒಣಗಿ ಎಂಟು ತಾಸಾಗಿತ್ತು, ಲಂಗ ತಾಗಿದರೂ ಕಲೆಯಾಗದು. ಇನ್ನು ಕೆಳಗಿನ ಗಡಿ. ಬುಧವಾರ ನಡುರಾತ್ರಿ ಹನ್ನೆರಡಕ್ಕೆ ಪೆನಲೋಪಿ ಆ ಚಿತ್ರವನ್ನು ನೋಡಿ ಮೆಚ್ಚಿಕೊಂಡು ಹೋಗಿದ್ದಳು, ಕಲೆ ಇರಲಿಲ್ಲ. ಹಾಗಾದರೆ ಕಲೆ ಆದದ್ದು ರಾತ್ರಿ ಹನ್ನೆರಡರಿಂದ ಮೂರರ ಒಳಗೆ. ಆ ಹೊತ್ತಿನಲ್ಲಿ ಆ ಬಾಗಿಲು ದಾಟಿದವರ ಬಟ್ಟೆಯಲ್ಲಿ ಬಣ್ಣ ಇರಲೇಬೇಕು. ಆದ್ದರಿಂದಲೇ ಅವನು ಮುಂದೆ ಕೇಳುವುದು ಅಗಸರಿಗೆ ಹಾಕುವ ಬಟ್ಟೆಯ ಪುಸ್ತಕ.

ತರ್ಕದಲ್ಲಿ ಒಂದು ತೂತೂ ಇಲ್ಲ. ಬಟ್ಟೆಯಿಂದ ಮನುಷ್ಯನ ಕಡೆಗೆ ನಡೆಯುವಾಗ ಮಾತ್ರ ಅವನು ಎಡವುತ್ತಾನೆ.

ಅಫೀಮಿನ ಪ್ರಯೋಗ ನಿಜವಾಗಿ ಸಾಧ್ಯವೇ? (ಕಾದಂಬರಿ ಓದದವರು ಇದನ್ನು ಬಿಟ್ಟು ಮುಂದೆ ಹೋಗಿ)

ಕಥೆಯಲ್ಲಿ ಆಗುವುದು ಇಷ್ಟು. ಸಿಗಾರ್ ಬಿಟ್ಟು ನಿದ್ದೆಗೆಟ್ಟಿದ್ದ ಬ್ಲೇಕ್‌ಗೆ ಡಾಕ್ಟರ್ ಕ್ಯಾಂಡಿ ಗುಟ್ಟಾಗಿ 25 ಮಿನಿಂ ಲಾಡನಂ ಕುಡಿಸಿರುತ್ತಾನೆ. ಲಾಡನಂ ಅಂದರೆ ಮದ್ಯಸಾರದಲ್ಲಿ ಇಳಿಸಿದ ಅಫೀಮು. ವರ್ಷದ ನಂತರ ಕ್ಯಾಂಡಿಯ ಸಹಾಯಕ ಎಜ್ರಾ ಜೆನಿಂಗ್ಸ್ ಅದೇ ಸ್ಥಿತಿಯನ್ನು ಮತ್ತೆ ಹುಟ್ಟಿಸಲು ಹೊರಡುತ್ತಾನೆ. ಮೊದಲು ಸಿಗಾರ್ ಬಿಡಿಸುತ್ತಾನೆ, ಮನೆಯನ್ನು ಆ ರಾತ್ರಿ ಇದ್ದಂತೆಯೇ ಜೋಡಿಸುತ್ತಾನೆ, ವಜ್ರದ ಆತಂಕವನ್ನು ಮನಸ್ಸಿನಲ್ಲಿ ಮತ್ತೆ ಎಬ್ಬಿಸುತ್ತಾನೆ, ಕೊನೆಗೆ ಹಿಂದಿನ ಪ್ರಮಾಣ ಸಾಲದೆಂದು 40 ಮಿನಿಂ ಕೊಡುತ್ತಾನೆ. ಒಂದು ಮಿನಿಂ ಸುಮಾರು 0.06 ಮಿಲಿಲೀಟರ್, ಆದ್ದರಿಂದ 25 ಅಂದರೆ ಒಂದೂವರೆ ಮಿಲಿಲೀಟರ್, 40 ಅಂದರೆ ಎರಡೂವರೆಗೆ ಸ್ವಲ್ಪ ಕಡಿಮೆ.

ಒಂದು ಅಮಲಿನಲ್ಲಿ ಕಲಿತದ್ದು ಅದೇ ಅಮಲಿನಲ್ಲಿ ಸುಲಭವಾಗಿ ನೆನಪಾಗುತ್ತದೆ ಎಂಬುದನ್ನು ಇಂದಿನ ಮನೋವಿಜ್ಞಾನ ಒಪ್ಪುತ್ತದೆ. ಆದರೆ ವರ್ಷದ ಮೇಲೆ ಮನುಷ್ಯ ಎದ್ದು ಹೆಜ್ಜೆಗೆ ಹೆಜ್ಜೆ ಅದೇ ಕೆಲಸ ಮಾಡುತ್ತಾನೆ ಎನ್ನುವುದು ಕಾದಂಬರಿಯ ಸ್ವಾತಂತ್ರ್ಯ. ಕಾಲಿನ್ಸ್ ಜಾಣ. ಪ್ರಯೋಗ ಅರ್ಧಕ್ಕೇ ನಿಲ್ಲುವಂತೆ ಬರೆದ, ಬ್ಲೇಕ್ ನಡುವೆ ನಿದ್ದೆ ಹೋಗುತ್ತಾನೆ. ಪೂರ್ತಿ ಯಶಸ್ವಿಯಾಗಿದ್ದರೆ ನಾವು ನಂಬುತ್ತಿರಲಿಲ್ಲ.

ಅಫೀಮಿನ ವಿಷಯ ಅವನಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಗೌಟ್ (ಕೀಲುಗಳು ಊದುವ ಕಾಯಿಲೆ) ನೋವಿಗೆ ವರ್ಷಗಟ್ಟಲೆ ಲಾಡನಂ ಕುಡಿದವನು. ಇದೇ ಕಾದಂಬರಿ ಬರೆಯುತ್ತಿದ್ದಾಗ, 1868ರ ಮಾರ್ಚ್‌ನಲ್ಲಿ, ತಾಯಿ ತೀರಿಕೊಂಡರು. ಕಾಯಿಲೆಯಿಂದ ಹಾಸಿಗೆ ಹಿಡಿದು ಕೆಲವು ಪುಟಗಳನ್ನು ಬೇರೆಯವರಿಂದ ಬರೆಸಿದ. ಅಫೀಮನ್ನು ನೋಂದಾಯಿತ ಔಷಧ ವ್ಯಾಪಾರಿಗಳೇ, ವಿಷವೆಂಬ ಚೀಟಿ ಅಂಟಿಸಿ ಮಾರಬೇಕೆಂಬ ಕಾಯ್ದೆ ಇಂಗ್ಲೆಂಡಿನಲ್ಲಿ ಬಂದದ್ದೂ ಅದೇ ವರ್ಷ.

ಇದೇ ಮೊದಲ ಪತ್ತೇದಾರಿ ಕಾದಂಬರಿಯೇ?

ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಅತಿ ಉದ್ದದ್ದು, ಅತ್ಯುತ್ತಮ ಎಂದು ಕವಿ ಟಿ. ಎಸ್. ಎಲಿಯಟ್ ಹೊಗಳಿದ್ದರಿಂದ ಆ ಮಾತು ನಿಂತುಬಿಟ್ಟಿದೆ. 'ಮೊದಲು' ಎನ್ನುವುದು ಸರಿಯಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ ಬರೆದ ಪತ್ತೇದಾರಿ ಸಣ್ಣಕಥೆ 1841ರದು, 'ದಿ ನಾಟಿಂಗ್ ಹಿಲ್ ಮಿಸ್ಟರಿ' 1862ರಲ್ಲೇ ಧಾರಾವಾಹಿಯಾಗಿ ಶುರುವಾಗಿತ್ತು. ಉಳಿದ ಹೊಗಳಿಕೆಗೆ ನಮ್ಮ ತಕರಾರಿಲ್ಲ.

ಅವನ ಸಂಸಾರದ ಬಗ್ಗೆ ಏನೇನೋ ಹೇಳುತ್ತಾರಲ್ಲ?

ಮದುವೆಯಾಗಲಿಲ್ಲ. ಕ್ಯಾರೊಲೈನ್ ಗ್ರೇವ್ಸ್ ಎಂಬ ವಿಧವೆಯ ಜೊತೆ ಬಹುಕಾಲ ಬಾಳಿದ, ಮಾರ್ಥಾ ರಡ್ ಎಂಬಾಕೆಯಲ್ಲಿ ಮೂವರು ಮಕ್ಕಳು. ಎರಡೂ ಮನೆಗಳನ್ನು ಸಾಕಿದ, ಉಯಿಲಿನಲ್ಲಿ ಇಬ್ಬರಿಗೂ ಪಾಲು ಬರೆದ. ಮದುವೆಯ ಕಾನೂನು ಹೆಂಗಸರಿಗೆ ಮಾಡುವ ಅನ್ಯಾಯ, ಮದುವೆಯಾಗದವರಿಗೆ ಹುಟ್ಟಿದ ಮಕ್ಕಳಿಗೆ ಆಸ್ತಿಯಿಲ್ಲದ ಅನ್ಯಾಯ ಅವನ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕನ್ನಡಕ್ಕೆ ಅನುವಾದಿಸಬೇಕೆಂದಿದ್ದೇವೆ. ಅನುಮತಿ ಬೇಕೇ? ಎಲ್ಲಿ ಕಷ್ಟ?

ಲೇಖಕ ತೀರಿ 60 ವರ್ಷ ಎಂದೋ ಕಳೆದಿರುವುದರಿಂದ ಮೂಲಕ್ಕೆ ಹಕ್ಕಿನ ಅಡ್ಡಿಯಿಲ್ಲ. ಹೊಸ ಮುದ್ರಣಗಳ ಮುನ್ನುಡಿ, ಟಿಪ್ಪಣಿಗಳಿಗೆ ಮಾತ್ರ ಹಕ್ಕಿರುತ್ತದೆ, ಅವನ್ನು ಎತ್ತಿಕೊಳ್ಳಬೇಡಿ.

ಮೊದಲ ಕಷ್ಟ ಶೀರ್ಷಿಕೆಯೇ. ಮೂನ್‌ಸ್ಟೋನ್ ಎಂದರೆ ನಿಘಂಟಿನಲ್ಲಿ ಚಂದ್ರಕಾಂತ ಶಿಲೆ. ಬೆಳದಿಂಗಳಿಗೆ ಒಸರುವುದೆಂದು ನಮ್ಮ ಕವಿಗಳು ಹೇಳುವ ಕಲ್ಲು ಅದು. ಕಾದಂಬರಿಯ ಹರಳು ಅದಲ್ಲ, ಚಂದ್ರನ ಜೊತೆ ಹೊಳಪು ಏರಿ ಇಳಿಯುವ ಹಳದಿ ವಜ್ರ. 'ಚಂದ್ರಕಾಂತ' ಎಂದು ಹೆಸರಿಟ್ಟರೆ ಓದುಗರು ಮೊದಲ ಪುಟದಲ್ಲೇ ದಾರಿ ತಪ್ಪುತ್ತಾರೆ. 'ಚಂದ್ರಮಣಿ' ಮೇಲು.

ಎರಡನೆಯದು ದನಿಗಳು. ಎಲ್ಲರನ್ನೂ ಒಂದೇ ಗ್ರಂಥಭಾಷೆಯಲ್ಲಿ ಬರೆದರೆ ಪುಸ್ತಕ ಸತ್ತಂತೆ. ಬೆಟರೆಜ್‌ಗೆ ಹಳೇ ಮೈಸೂರಿನ ದೊಡ್ಡ ಮನೆಯಲ್ಲಿ ಹಣ್ಣಾದ ಆಳಿನ ಮಾತು ಕೊಡಬಹುದು, ಒಡತಿಯನ್ನು 'ಅಮ್ಮಾವ್ರು' ಎನ್ನಲಿ. ವಕೀಲ ಬ್ರಫ್‌ಗೆ ಕಚೇರಿಯ ಬಿಗಿ, ಜೆನಿಂಗ್ಸ್‌ನ ದಿನಚರಿಗೆ ತುಂಡು ವಾಕ್ಯ. ಆದರೆ ಊರನ್ನು ಬದಲಿಸಬೇಡಿ. ಯಾರ್ಕ್‌ಷೈರ್ ಯಾರ್ಕ್‌ಷೈರ್ ಆಗೇ ಇರಲಿ, ಇಲ್ಲದಿದ್ದರೆ ಶ್ರೀರಂಗಪಟ್ಟಣದಿಂದ ಅಲ್ಲಿಗೆ ಹೋದ ದೂರವೇ ಅಳಿಸಿಹೋಗುತ್ತದೆ. ಕಥೆಯಲ್ಲಿ ಬರುವ ಕಡಲತಡಿಯ ನಡುಗುವ ಮರಳಿಗೆ 'ಹುದುಲು' ಎಂಬ ಪದ ಒಪ್ಪುತ್ತದೆ.

ಮೂರನೆಯದು, ಅನುವಾದಿಸುವಾಗ ವಾಕ್ಯ ಸಣ್ಣದು ಮಾಡಲು ಹೋಗಿ ತಾರೀಖು, ಗಂಟೆ ಬಿಡುವುದು. ಒಂದು ಗಂಟೆ ಬಿಟ್ಟರೂ ಬಣ್ಣದ ಲೆಕ್ಕ ಮುರಿಯುತ್ತದೆ.

ಪ್ರಸ್ತಾವನೆ ಓದಿ ಶ್ರೀರಂಗಪಟ್ಟಣಕ್ಕೆ ಹೋದರೆ ಏನು ನೋಡಬೇಕು?

ಮೈಸೂರಿನಿಂದ ಸುಮಾರು 15 ಕಿಲೋಮೀಟರ್, ಅರ್ಧ ದಿನ ಸಾಕು. ಮೊದಲು ಕೋಟೆಯ ವಾಯವ್ಯ ಮೂಲೆಗೆ ಹೋಗಿ. ಗೋಡೆ ಬಿದ್ದ ಜಾಗದ ಹತ್ತಿರ ಸ್ಮಾರಕ ಕಂಬವಿದೆ, ಅಲ್ಲಿಂದ ಸೈನ್ಯ ದಾಟಿ ಬಂದ ಹೊಳೆಯ ಪಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಹೋದರೆ ಬಂಡೆಗಳು ಮೇಲೆದ್ದಿರುತ್ತವೆ, ಮೇ ತಿಂಗಳನ್ನೇ ಯಾಕೆ ಆರಿಸಿದರೆಂದು ಕಣ್ಣಿಗೇ ತಿಳಿಯುತ್ತದೆ. ಮಳೆಗಾಲದಲ್ಲಿ ಅದು ಗೊತ್ತಾಗುವುದಿಲ್ಲ. ಆಮೇಲೆ ಟಿಪ್ಪುವಿನ ದೇಹ ಸಿಕ್ಕ ಸ್ಥಳ, ನೀರುಬಾಗಿಲು, ಸೆರೆಮನೆ. ಕೊನೆಗೆ ಕೋಟೆಯಾಚೆಯ ದರಿಯಾ ದೌಲತ್. ಅದರ ಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗದ ದೊಡ್ಡ ಚಿತ್ರವಿದೆ, ಬೇರ್ಡ್ ಸೆರೆಸಿಕ್ಕ ಅದೇ ಕಾಳಗ. ಆಯುಧಶಾಲೆ ಎಲ್ಲಿ ಎಂದು ಗೈಡುಗಳನ್ನು ಕೇಳಿ ತೊಂದರೆ ಕೊಡಬೇಡಿ. ಹರ್ನ್‌ಕ್ಯಾಸಲ್ ದೀವಟಿಗೆ ಹಿಡಿದು ನಿಂತ ಆ ಬಾಗಿಲು ಪುಸ್ತಕದಲ್ಲಿ ಮಾತ್ರ ಇದೆ.